ಸುಕನ್ಯಾಳ ದನಿಯಲ್ಲಿ ಒಂದು ಮಳೆಗಾಲ

ಕಳೆದ ತಿಂಗಳು ಹಲ್ಲು ತೋರಿಸಲೆಂದು ವಿಜಯನಗರಕ್ಕೆ ಹೋಗಿದ್ದೆ. ಪಕ್ಕದ ಮನೆಯವರು ಹೇಳಿದ ಗುರುತು ಹಿಡಿದು ಮಾರ್ಕೆಟ್ ಬೀದಿಯ ಹಿಂದಿನ ಅಡ್ಡರಸ್ತೆಗೆ ತಿರುಗಿದೆ. ಬೀದಿಯೇ ಬದಲಾಗಿತ್ತು. ಕಟ್ಟಡಕ್ಕೆ ಹೊಸ ಬಣ್ಣ, ಮುಂಭಾಗಕ್ಕೆ ಗಾಜು, ಪಕ್ಕದಲ್ಲಿ ಲಿಫ್ಟು. ಎರಡನೇ ಮಹಡಿಯ ಬಾಗಿಲು ತಳ್ಳಿ ಒಳಗೆ ಹೋಗಿ ಕುರ್ಚಿಯಲ್ಲಿ ಒರಗಿದ ಮೇಲೇ ನನಗೆ ತಿಳಿದದ್ದು, ಇದು ಅದೇ ಕೋಣೆ ಎಂದು. ಲವಂಗದೆಣ್ಣೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇನ್ನೂ ಉಳಿದಿತ್ತು. ಒದ್ದೆ ಸ್ಪಂಜಿನದು, ತೇವ ಹಿಡಿದ ಪುಸ್ತಕಗಳದು, ಎಂದೂ ತೆರೆಯದ ಕಿಟಕಿಯದು.

"ಆಂಟಿ, ಬಾಯಿ ತೆಗೀರಿ. ಆ ಅನ್ನಿ," ಅಂದಳು ಡಾಕ್ಟರು ಹುಡುಗಿ.

ನಾನು "ಆ" ಅಂದೆ. ಆ ಒಂದಕ್ಷರ ಗೋಡೆಗೆ ತಾಗಿ ನನ್ನ ಕಿವಿಗೆ ವಾಪಸ್ಸು ಬಂದಾಗ ಮೈ ಜುಮ್ಮೆಂದಿತು. "ನೋವಾಯ್ತಾ?" ಎಂದು ಆಕೆ ಗಾಬರಿಯಾದಳು. ಇಲ್ಲ ಎಂದು ತಲೆ ಆಡಿಸಿದೆ.

ಕೆಲವು ವರ್ಷಗಳ ಹಿಂದೆ ಒಂದು ಇಡೀ ಮಳೆಗಾಲ ನಾನು ಆ ಕೋಣೆಯಲ್ಲಿ ಕೂತು ಬಾಯಿಬಿಟ್ಟು ಓದುತ್ತಿದ್ದೆ. ಆಗ ನನ್ನ ಬಾಯಿಂದ ಬರುತ್ತಿದ್ದ ದನಿ ನನ್ನದಾಗಿರಲಿಲ್ಲ.

ನಾನು ಬಸವೇಶ್ವರನಗರದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದವಳು. ಮಕ್ಕಳು ಕಡಿಮೆಯಾಗಿ ಆ ಬೇಸಗೆಯಲ್ಲಿ ಶಾಲೆ ಮುಚ್ಚಿತು. ಸುಂಕದಕಟ್ಟೆಯ ಮನೆಯಲ್ಲಿ ನಾವು ಮೂವರು: ನಾನು, ಪೀಣ್ಯದ ಕಾರ್ಖಾನೆಗೆ ಹೋಗುವ ನನ್ನ ಗಂಡ ನಾಗರಾಜ್, ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ನೆರಳಿನಂತೆ ಮಾತ್ರ ಕಾಣುತ್ತಿದ್ದ ಅತ್ತೆ. ವರ್ಷಗಟ್ಟಲೆ ಕೊನೆಯ ಬೆಂಚಿಗೂ ಕೇಳಿಸುವಂತೆ ಪಾಠ ಮಾಡಿ ನನ್ನ ಗಂಟಲು ದಪ್ಪವಾಗಿತ್ತು. ಅಡುಗೆಮನೆಯಿಂದ ಕರೆದರೆ ಬೀದಿಯವರೂ ಓ ಅನ್ನುತ್ತಾರೆ ಎಂದು ಇವರು ಹಾಸ್ಯ ಮಾಡುತ್ತಿದ್ದರು.

ಜೂನ್ ಮುಗಿಯುತ್ತಿದ್ದ ಹಾಗೆ ವಸುಧಾ ಮೇಡಂ ಫೋನ್ ಮಾಡಿದರು. ಅವರು ಕಾಲೇಜೊಂದರ ಗ್ರಂಥಪಾಲಕಿಯಾಗಿ ನಿವೃತ್ತರಾದವರು. ಹೆಂಗಸರು ಬರೆದ ಪುಸ್ತಕಗಳನ್ನು ಓದಿಸಿ, ಧ್ವನಿಮುದ್ರಿಸಿ, ಫೋನಿನಲ್ಲಿ ಕೇಳುವ ಹಾಗೆ ಮಾಡುವ ಕೆಲಸ ಹಚ್ಚಿಕೊಂಡಿದ್ದರು. ಕತೆ, ಕಾದಂಬರಿ, ಆತ್ಮಕಥೆ, ಏನಾದರೂ ಸರಿ, ಬರೆದವಳು ಹೆಂಗಸಾಗಿರಬೇಕು, ಅದೊಂದೇ ನಿಯಮ. ಕೇಳುವವರು ಹೆಚ್ಚಾಗಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಮನೆಯಲ್ಲೇ ಬಟ್ಟೆ ಹೊಲಿಯುವವರು, ಮೆಸ್ಸಿನಲ್ಲಿ ಚಪಾತಿ ಲಟ್ಟಿಸುವವರು. "ಅವರ ಕೈಗೆ ಬಿಡುವಿಲ್ಲ ಭಾರತಿ, ಕಿವಿಗೆ ಇದೆ," ಅನ್ನುತ್ತಿದ್ದರು ವಸುಧಾ.

ಅವರಿಗೆ ತುರ್ತಾಗಿ ಓದುವವರು ಬೇಕಾಗಿತ್ತು. ದಪ್ಪನೆಯ ಒಂದು ಆತ್ಮಕಥೆ ಅರ್ಧಕ್ಕೆ ನಿಂತಿತ್ತು. ಹಳೇ ಮೈಸೂರು ಕಡೆಯ ಒಬ್ಬ ನರ್ಸಮ್ಮ ತಮ್ಮ ವಯಸ್ಸಾದ ಕಾಲದಲ್ಲಿ ಬರೆದದ್ದು. ಬಾಲ್ಯದಲ್ಲೇ ಮದುವೆ, ಕದ್ದು ಕಲಿತ ಓದು, ಒಂದು ದಿನ ಗಂಡನ ಮನೆಯ ಬಾಗಿಲು ಎಳೆದುಕೊಂಡು ಹೊರಟುಬಿಟ್ಟದ್ದು, ಆಮೇಲೆ ಆಸ್ಪತ್ರೆಯ ಕೆಲಸ, ಕೊನೆಗೆ ಅಣ್ಣಂದಿರ ಮೇಲೆ ಸಮಪಾಲಿಗಾಗಿ ಹೂಡಿದ ದಾವೆ. ಅದನ್ನು ಓದುತ್ತಿದ್ದವಳ ಹೆಸರು ಸುಕನ್ಯಾ. ಬಾಗಿಲು ಎಳೆದುಕೊಳ್ಳುವ ಅಧ್ಯಾಯದ ನಡುವೆ ನಿಲ್ಲಿಸಿ ಎದ್ದವಳು ಮರುದಿನದಿಂದ ಬಂದಿರಲಿಲ್ಲ.

"ಏನಾಯ್ತು ಅವರಿಗೆ?" ಎಂದು ಕೇಳಿದೆ.

"ಬಿಟ್ಟು ಹೋದ್ಲು," ಅಂದರು ವಸುಧಾ. ಅಷ್ಟೇ. ಅವರು ಮಾತು ತಿರುಗಿಸಿದ ರೀತಿ ನೋಡಿ, ತೀರಿಹೋಗಿರಬೇಕು ಅಂದುಕೊಂಡೆ.

ಕೋಣೆಯ ಗೋಡೆಗಳಿಗೆಲ್ಲ ಬೂದು ಸ್ಪಂಜು ಹೊಡೆದಿತ್ತು. ಒಂದು ಮೇಜು, ಒಂದು ದೀಪ, ಒಂದು ಮೈಕು. ಗಾಜಿನ ಆಚೆ ರೇಷ್ಮಾ ಕೂರುತ್ತಿದ್ದಳು. ಧ್ವನಿಮುದ್ರಣ, ಕತ್ತರಿಸುವುದು, ಜೋಡಿಸುವುದು ಎಲ್ಲ ಅವಳದೇ. ಮೊದಲ ದಿನ ಅವಳು ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, "ಮೇಡಂ, ಫಸ್ಟು ಸುಕನ್ಯಾ ಮೇಡಂದು ಕೇಳಿ. ಹಂಗೇ ಬರ್ಬೇಕು. ಕೇಳೋರಿಗೆ ಚೇಂಜ್ ಆಗಿದ್ದು ಗೊತ್ತಾಗ್ಬಾರ್ದು," ಅಂದಳು.

ಸುಕನ್ಯಾಳ ದನಿ ತೀರ ಮೆಲ್ಲಗೆ ಇತ್ತು. ಕಿವಿಯ ಹತ್ತಿರ ಬಾಗಿ ಹೇಳುವ ಹಾಗೆ. ಪ್ರತಿ ವಾಕ್ಯದ ಕೊನೆಯಲ್ಲಿ ಉಸಿರು ಒಂದಿಷ್ಟು ತಡೆದು, ಯಾರಾದರೂ ಬಂದರೇ ಎಂದು ನೋಡಿ ಮುಂದುವರಿಸುವಂತಿತ್ತು. ಅದೇ ಅದರ ಸೊಗಸು. ಕೇಳುತ್ತ ಕೂತರೆ ಎದ್ದು ಹೋಗಲು ಮನಸ್ಸೇ ಬರುತ್ತಿರಲಿಲ್ಲ. ಕೊನೆಯ ದಿನದ ಮುದ್ರಣವನ್ನು ರೇಷ್ಮಾ ಕತ್ತರಿಸದೆ ಹಾಗೇ ಇಟ್ಟಿದ್ದಳು. ನರ್ಸಮ್ಮ ಹೊಸ್ತಿಲ ಮೇಲೆ ನಿಂತಿದ್ದಾಳೆ, ಕೈ ಚಿಲಕದ ಮೇಲಿದೆ. ಅಲ್ಲಿಗೆ ಓದು ನಿಲ್ಲುತ್ತದೆ. ಆಮೇಲೆ ಒಂದು ಉದ್ದನೆಯ ಉಸಿರು. ಕುರ್ಚಿ ಸರಿದ ಸದ್ದು. ಬಳೆ. ಕೋಣೆಯ ಬಾಗಿಲು ಹಾಕಿಕೊಂಡದ್ದು. ಅದಾದ ಮೇಲೆ ಯಾರೂ ಇಲ್ಲದ ಕೋಣೆಯ ಮೌನ ತುಂಬ ಹೊತ್ತು ಓಡುತ್ತಲೇ ಇರುತ್ತದೆ.

ನಾನು ಕೂತಿದ್ದದ್ದು ಅದೇ ಕುರ್ಚಿಯಲ್ಲಿ. ಆ ಸದ್ದನ್ನು ಕೇಳಿ ಮುಗಿಸಿ, ಹೊಸ್ತಿಲ ಮೇಲೆ ನಿಂತ ಆ ಹೆಂಗಸನ್ನು ಆಚೆ ದಾಟಿಸುವುದು ನನ್ನ ಮೊದಲ ದಿನದ ಕೆಲಸವಾಗಿತ್ತು.

ಮೊದಲಿಗೆ ಆಗಲಿಲ್ಲ. ನನ್ನ ಗಂಟಲು ಪಾಠ ಮಾಡುತ್ತಿತ್ತು. "ಕೆಳಗೆ ಬನ್ನಿ ಮೇಡಂ, ಇನ್ನೂ ಕೆಳಗೆ," ಎನ್ನುತ್ತಿದ್ದಳು ರೇಷ್ಮಾ ಗಾಜಿನಾಚೆಯಿಂದ. ದಿನವೂ ಓದುವ ಮುಂಚೆ ಸುಕನ್ಯಾಳನ್ನು ಕೇಳುತ್ತಿದ್ದೆ. ಬಸ್ಸಿನಲ್ಲಿ ಕೇಳುತ್ತಿದ್ದೆ, ಅನ್ನ ಬಸಿಯುವಾಗ ಕೇಳುತ್ತಿದ್ದೆ. ಮೇಲಿನ ಮಹಡಿಗೆ ತಗಡಿನ ಮಾಡಿತ್ತು. ಮಳೆ ಜೋರಾದರೆ ಮೈಕಿನಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿಸುತ್ತಿತ್ತು. ಆಗ ದೀಪ ಆರಿಸಿ ಸುಮ್ಮನೆ ಕಾಯುತ್ತಿದ್ದೆವು. ಆ ಜುಲೈನಲ್ಲಿ ಮಧ್ಯಾಹ್ನ ಅನ್ನುವುದು ಇರಲೇ ಇಲ್ಲ. ಊಟವಾಗುತ್ತಿದ್ದಂತೆ ಕತ್ತಲು ಕವಿಯುತ್ತಿತ್ತು. ಆ ಕತ್ತಲಲ್ಲಿ ಕಾಯುತ್ತ ಕೂತಾಗಲೂ ಹೆಡ್‌ಫೋನಿನಲ್ಲಿ ಅವಳೇ ಇರುತ್ತಿದ್ದಳು.

ಒಂದು ದಿನ ರೇಷ್ಮಾ ಕೈ ಎತ್ತಿ ನನ್ನನ್ನು ನಿಲ್ಲಿಸಿದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಏನು ತಪ್ಪಾಯ್ತು?"

"ತಪ್ಪಿಲ್ಲ ಮೇಡಂ. ಹಳೇ ಫೈಲ್ ಓಡ್ತಾ ಇದೆ ಅಂತ ಅಂದ್ಕೊಂಡೆ. ನೀವೇ ಓದ್ತಾ ಇದ್ರಿ."

ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಆ ಶುಕ್ರವಾರದಿಂದ ಹೊಸ ಅಧ್ಯಾಯಗಳು ಹೊರಗೆ ಹೋಗತೊಡಗಿದವು. ಕೇಳುವವರು ತಮ್ಮ ಮಾತನ್ನು ಫೋನಿನಲ್ಲಿ ಮುದ್ರಿಸಿ ಕಳಿಸುತ್ತಿದ್ದರು. ಕಾಲರ್ ಹೊಲಿಯುವ ಗೌರಮ್ಮ ಅನ್ನುವವರು, "ಸುಕನ್ಯಕ್ಕಾ, ಎಲ್ಲಿ ಹೋಗ್ಬಿಟ್ಟಿದ್ರಿ? ಆವಮ್ಮ ಹೊಸ್ಲು ಮೇಲೇ ನಿಂತ್ಬಿಟ್ಟಿದ್ರಲ್ಲ, ನಮ್ಗೆ ಗಂಟ್ಲಲ್ಲಿ ಅಂಬ್ಲಿ ಇಳೀಲಿಲ್ಲ ಕಣಕ್ಕ," ಎಂದಿದ್ದರು. ನಾನು ಸುಕನ್ಯಾ ಅಲ್ಲ ಎಂದು ಯಾರೂ ಅವರಿಗೆ ಹೇಳಲಿಲ್ಲ. ಹೇಳುವ ಅಗತ್ಯ ನನಗೂ ಕಾಣಲಿಲ್ಲ.

ಮನೆಯಲ್ಲಿ ಮೊದಲು ಗಮನಿಸಿದವರು ನಮ್ಮತ್ತೆ. ಒಂದು ಸಂಜೆ ಒಳಗೆ ಬಂದು, ಕೊಡೆ ಮೂಲೆಗಿಟ್ಟು, "ಕಾಫಿ ಕುಡಿದ್ರಾ?" ಎಂದೆ. ಅತ್ತೆ ಮಂಚದ ಮೇಲೆ ಸೆರಗು ಸರಿಮಾಡಿಕೊಂಡು ಕೂತರು.

"ಬನ್ನಿ, ಕೂತ್ಕೊಳ್ಳಿ. ಭಾರತಿ ಇನ್ನೂ ಬಂದಿಲ್ಲ. ಇನ್ನೇನು ಬರ್ತಾಳೆ," ಅಂದರು.

"ಅತ್ತೆ, ನಾನೇ."

ಅವರು ನನ್ನ ಕಡೆ ಮುಖ ಮಾಡಿ ತಲೆ ಒಂದು ಪಕ್ಕಕ್ಕೆ ವಾಲಿಸಿ ಆಲಿಸಿದರು. ನಗಲಿಲ್ಲ. "ನೀವು ಯಾವ ಕಡೆಯವ್ರು?" ಎಂದು ಕೇಳಿದರು. ನಾನು ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡೆ. ಅವರು ನನ್ನ ಬೆರಳಿನ ಉಂಗುರ ಸವರಿ ನೋಡಿ, ಬಳೆ ಮುಟ್ಟಿ ನೋಡಿ, ಆಮೇಲೆ ಕೈ ಬಿಡಿಸಿಕೊಂಡರು. ಆ ರಾತ್ರಿ ಊಟಕ್ಕೆ ಬಡಿಸುವಾಗಲೂ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದರು.

ಇವರಿಗೆ ಹೇಳಿದೆ. "ವಯಸ್ಸಾಯ್ತು ಬಿಡು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಈಗ ನೀನು ಮಾತಾಡೋದು ಚೆನ್ನಾಗಿದೆ ಕಣೇ. ಮೆತ್ತಗೆ. ಮೊದ್ಲಿಂದ್ಲೂ ಹಿಂಗಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದು ನಕ್ಕರು. ನಾನೂ ನಕ್ಕೆ. ಆ ನಗು ಕೂಡ ಸಣ್ಣಗಿತ್ತು. ಅದು ನಾನು ಎಲ್ಲಿಯೂ ಅಭ್ಯಾಸ ಮಾಡದ ನಗು. ಸುಕನ್ಯಾ ನಕ್ಕಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಆಗಸ್ಟ್‌ನಲ್ಲಿ ಆ ಮನುಷ್ಯ ಕಣ್ಣಿಗೆ ಬಿದ್ದ. ನಮ್ಮ ಕಟ್ಟಡದ ಎದುರಿನ ಬೇಕರಿಯ ಮಾಡಿನ ಕೆಳಗೆ ನಿಂತಿರುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಮಡಿಸಿದ ಕೊಡೆ, ಕಿವಿಯಲ್ಲಿ ಇಯರ್‌ಫೋನು. ಟೀ ಕುಡಿಯುತ್ತಿರಲಿಲ್ಲ, ಸಿಗರೇಟು ಸೇದುತ್ತಿರಲಿಲ್ಲ, ಯಾರನ್ನೂ ಮಾತಾಡಿಸುತ್ತಿರಲಿಲ್ಲ. ನಾನು ಹೋಗುವಾಗಲೂ ಇರುತ್ತಿದ್ದ, ಬರುವಾಗಲೂ ಇರುತ್ತಿದ್ದ. ಅವನ ದೃಷ್ಟಿ ನನ್ನ ಮೇಲೆ ಹಾದು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ನಮ್ಮ ಕಿಟಕಿಯನ್ನು.

ರೇಷ್ಮಾಗೆ ತೋರಿಸಿದೆ. ಅವಳು ಒಮ್ಮೆ ಇಣುಕಿ ನೋಡಿ ತಟ್ಟನೆ ಹಿಂದೆ ಸರಿದಳು. "ಅಲ್ಲಾ! ಮೇಡಂ, ಅವ್ರೇ. ಸುಕನ್ಯಾ ಮೇಡಂ ಹಸ್ಬೆಂಡು."

ಅವತ್ತು ವಸುಧಾ ಮೇಡಂ ಬಾಗಿಲು ಹಾಕಿ ನನ್ನನ್ನು ಕೂರಿಸಿಕೊಂಡು ನಿಜ ಹೇಳಿದರು. ಸುಕನ್ಯಾ ಸತ್ತಿಲ್ಲ. ರಾಜಾಜಿನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದ ಗಂಡ, ಹೆಸರು ಶ್ರೀಕಂಠ, ಎಂದೂ ಕೈ ಎತ್ತಿದವನಲ್ಲ, ಕೂಗಾಡಿದವನಲ್ಲ. ಅಂಗಡಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಕಾಲ ಕೆಟ್ಟಿದೆ, ನಿನ್ನ ಒಳ್ಳೇದಕ್ಕೇ ಅನ್ನುತ್ತಿದ್ದ. ಫೋನು ಅವನ ಜೇಬಿನಲ್ಲಿ. ಈ ಓದುವ ಕೆಲಸಕ್ಕೆ ಕಳಿಸಿದ್ದು, ಹೆಂಗಸರೇ ಇರುವ ಜಾಗ, ಪುಸ್ತಕದ ಕೆಲಸ, ಯಾರೂ ಮುಖ ನೋಡುವುದಿಲ್ಲ ಎನ್ನುವ ಕಾರಣಕ್ಕೆ. ತಾನೇ ಸ್ಕೂಟರಿನಲ್ಲಿ ಕರೆತಂದು, ಮುಗಿಯುವವರೆಗೆ ಬೇಕರಿ ಮುಂದೆ ಕಾದು, ತಾನೇ ಕರೆದುಕೊಂಡು ಹೋಗುತ್ತಿದ್ದ.

"ಆ ದಿನ ಅವಳು ಓದ್ತಾ ಓದ್ತಾ ನಿಲ್ಲಿಸಿ ಹೊರಗೆ ಬಂದು ನನ್ನ ಮುಂದೆ ನಿಂತ್ಲು," ಅಂದರು ವಸುಧಾ. "ಮೇಡಂ, ನಾನು ಹೋಗ್ತೀನಿ ಅಂದ್ಲು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಹಿಂದಿನ ಮೆಟ್ಟಿಲಿಳಿದು, ಕೆಳಗಿನ ಟೈಲರ್ ಅಂಗಡಿ ಒಳಗಿಂದ ಆಚೆ ಬೀದಿಗೆ ಹೋದ್ಲು. ಇವನು ಮಳೇಲಿ ಸಾಯಂಕಾಲದವರೆಗೂ ಅಲ್ಲೇ ನಿಂತಿದ್ದ."

"ಈಗ ಯಾಕೆ ಬಂದಿದಾನೆ?"

ವಸುಧಾ ನನ್ನನ್ನೇ ನೋಡಿದರು. ಶುಕ್ರವಾರ ಶುಕ್ರವಾರ ಅವನ ಕಿವಿಗೆ ಹೆಂಡತಿಯ ದನಿ ಬರುತ್ತಿತ್ತು. ಹೊಸ ಹೊಸ ಮಾತು. ಅವಳು ಇನ್ನೂ ಆ ಕೋಣೆಯೊಳಗೇ ಇದ್ದಾಳೆ ಎಂದು ಅವನು ನಂಬಿದ್ದ.

ನಿಲ್ಲಿಸಿಬಿಡೋಣ ಎಂದರು ವಸುಧಾ. ನಾನು ಒಪ್ಪಲಿಲ್ಲ. ನರ್ಸಮ್ಮ ಕೋರ್ಟಿನ ಹತ್ತಿರ ಬಂದಿದ್ದಳು, ಗೌರಮ್ಮನಂಥವರು ಕಾಯುತ್ತಿದ್ದರು. ಕಡೆಗೆ ಒಂದು ಮಾತಾಯಿತು: ನಾನು ಆ ಬೀದಿಯಲ್ಲಿ ಬಾಯಿ ಬಿಡಬಾರದು. ಬಸ್ಸು ಇಳಿದಲ್ಲಿಂದ ಕಟ್ಟಡದವರೆಗೆ, ಕಟ್ಟಡದಿಂದ ಬಸ್ ಸ್ಟಾಪಿನವರೆಗೆ, ಒಂದು ಶಬ್ದವೂ ಇಲ್ಲ.

ಹಾಗೆ ವಾರಗಟ್ಟಲೆ ನಡೆದಿದ್ದೇನೆ. ಸೊಪ್ಪಿನವಳಿಗೆ ಬೆರಳು ತೋರಿಸಿ ಕೊಳ್ಳುತ್ತಿದ್ದೆ. ಯಾರಾದರೂ ದಾರಿ ಕೇಳಿದರೆ ಕೈ ಮಾಡುತ್ತಿದ್ದೆ. ಕಾಲ ಮೇಲೆ ಯಾರೋ ಗಾಡಿ ಹತ್ತಿಸಿದಾಗ ತುಟಿ ಕಚ್ಚಿಕೊಂಡೆ. ಆ ಪೇಟೆಯಲ್ಲಿ ಎಲ್ಲರೂ ಕೂಗುತ್ತಿದ್ದರು. ಹಣ್ಣಿನವನು, ಆಟೋದವನು, ಬಸ್ಸಿನ ಹಿಂದೆ ಓಡುವವನು. ಅವರ ನಡುವೆ ಬಾಯಿ ಮುಚ್ಚಿಕೊಂಡು ನಡೆಯುವಾಗ, ಬೀಗ ಹಾಕಿದ ಮನೆಯನ್ನು ಹೊತ್ತುಕೊಂಡೇ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಮೇಲೆ ಹೋಗಿ ಮೈಕಿನ ಮುಂದೆ ಕೂತರೆ ಮಾತ್ರ ಬಾಯಿ. ಅಲ್ಲಿ ತೆರೆದುಕೊಳ್ಳುತ್ತಿದ್ದದ್ದು ಅವಳ ಬಾಯಿ.

ಗೌರಿ ಹಬ್ಬದ ಹಿಂದಿನ ದಿನ ಮರೆತೆ. ಹೂವಿನವಳ ಮುಂದೆ ಜನ ತುಂಬಿದ್ದರು, ಸೇವಂತಿಗೆ ಖಾಲಿಯಾಗುತ್ತಿತ್ತು. "ನಂಗೂ ಎರಡು ಮಾರು ಕೊಡಮ್ಮ," ಅಂದುಬಿಟ್ಟೆ.

ನನ್ನ ಬೆನ್ನ ಹಿಂದೆ ಯಾರೋ ಉಸಿರೆಳೆದುಕೊಂಡರು. ತಿರುಗಲಿಲ್ಲ. ಹೂವನ್ನೂ ತೆಗೆದುಕೊಳ್ಳದೆ ರಸ್ತೆ ದಾಟಿ ಕಟ್ಟಡದೊಳಗೆ ನುಗ್ಗಿದೆ. ಅದೇ ಹೊತ್ತಿಗೆ ಮಳೆ ಹೊಡೆಯಿತು. ಗುಡುಗಿನ ಹಿಂದೆಯೇ ಕರೆಂಟು ಹೋಯಿತು. ಮೆಟ್ಟಿಲಿಗೆ ಕಿಟಕಿ ಇರಲಿಲ್ಲ. ಕತ್ತಲಲ್ಲಿ ಮೆಟ್ಟಿಲ ಪಕ್ಕದ ಕಂಬಿ ಹುಡುಕುತ್ತ ಹತ್ತುತ್ತಿದ್ದಾಗ ಕೆಳಗೆ ಒದ್ದೆ ಚಪ್ಪಲಿಯ ಸದ್ದು ಕೇಳಿಸಿತು. ಅವಸರವಿಲ್ಲದ ಹೆಜ್ಜೆ.

"ಸುಕನ್ಯಾ," ಎಂದ.

ಕಾಲು ಅಲ್ಲೇ ನಿಂತಿತು. ಆ ಹೆಸರಿಗೆ ನನ್ನ ಮೈ ಓಗೊಟ್ಟಿತು ಎಂದು ಹೇಳಿದರೆ ನಂಬುತ್ತೀರೋ ಇಲ್ಲವೋ.

"ನಾನು ಸುಕನ್ಯಾ ಅಲ್ಲ," ಅಂದೆ.

ಕತ್ತಲಲ್ಲಿ ಅದೂ ಅವಳದೇ ದನಿಯಲ್ಲಿ ಬಂತು. ನನಗೇ ಕೇಳಿಸಿತು. ಇನ್ನಷ್ಟು ಗಟ್ಟಿಯಾಗಿ ಹೇಳಲು ಬಾಯಿ ತೆರೆದೆ. ನನ್ನ ಹಳೆಯ ಗಂಟಲು ಅಲ್ಲಿರಲಿಲ್ಲ. ಹುಡುಕಿದೆ, ಸಿಗಲಿಲ್ಲ.

"ಬಯ್ಯಲ್ಲ," ಅಂದ ಅವನು. ತುಂಬ ಮರ್ಯಾದೆಯ, ಬಳಲಿದ ಮಾತು. "ಯಾವತ್ತಾದ್ರೂ ಬೈದಿದೀನಾ? ಮನೇಲಿ ನೀನು ನಾಲ್ಕು ಮಾತು ಆಡ್ತಿರ್ಲಿಲ್ಲ. ಇಲ್ಲಿ ಇಷ್ಟೊಂದು ಮಾತಾಡ್ತೀಯಾ ಅಂತ ನಂಗೆ ಗೊತ್ತೇ ಇರ್ಲಿಲ್ಲ. ದಿನಾ ಕೇಳ್ತೀನಿ. ಅಂಗಡೀಲೂ ಹಾಕ್ಕೊಂಡು ಕೇಳ್ತೀನಿ." ಇನ್ನೊಂದು ಮೆಟ್ಟಿಲು ಹತ್ತಿದ. "ಬರ್ತೀನಿ ಅಂತ ಒಂದ್ಸಲ ಹೇಳು. ಇವತ್ತೇ ಬಾ ಅನ್ನಲ್ಲ. ಹೇಳು ಸಾಕು. ನಾನು ಹೋಗ್ತೀನಿ."

ಅವನು ಅಳುತ್ತಿದ್ದ. ಅದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಆ ಒಂದು ಮಾತು ಹೇಳಿದರೆ ಅವನು ಇಳಿದು ಹೋಗುತ್ತಾನೆ, ನಾನು ಹತ್ತಿ ಹೋಗಬಹುದು. ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಆ ದನಿಗೆ ಹಾಗೆ ಒಪ್ಪಿಕೊಂಡು ಅಭ್ಯಾಸವಿತ್ತು ಅನ್ನಿಸುತ್ತದೆ. ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡೆ.

"ನಾನು ಬರಲ್ಲ," ಅಂದೆ.

ಅವನು ಇನ್ನೊಮ್ಮೆ ಕೇಳಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತ ಹಾಗೆ ಸದ್ದಾಯಿತು.

ಕರೆಂಟು ಬಂತು. ಅವನು ತಲೆ ಎತ್ತಿ ನೋಡಿದ. ಎದುರಿಗೆ ನಾನು, ತಲೆ ನರೆತ, ಕನ್ನಡಕದ, ಗುರುತೇ ಇಲ್ಲದ ಹೆಂಗಸು. ಅಂಥ ಭಯವನ್ನು ನಾನು ಇನ್ನೊಬ್ಬರ ಮುಖದಲ್ಲಿ ನೋಡಿಲ್ಲ. "ಕ್ಷಮಿಸಿ ಮೇಡಂ," ಎಂದು ಗೋಡೆ ಹಿಡಿದುಕೊಂಡು ಎದ್ದ. ನನಗೆ ಬೆನ್ನು ತೋರಿಸಲು ಹೆದರಿದವನಂತೆ, ನನ್ನನ್ನು ನೋಡುತ್ತಲೇ ಹಿಂದು ಹಿಂದಾಗಿ ಇಳಿದು ಹೋದ. ಬೇಕರಿಯ ಮುಂದೆ ಅವನನ್ನು ಮತ್ತೆ ನಾನು ನೋಡಲಿಲ್ಲ.

ಮೇಲೆ ಹೋಗಿ ವಸುಧಾ ಮೇಡಂಗೆ ಎಲ್ಲ ಹೇಳಿದೆ. ನನ್ನನ್ನು ಕಾಡಿದ್ದು ಒಂದೇ. ಅವಳ ಬದುಕಿನ ಅಷ್ಟು ದೊಡ್ಡ ಮಾತನ್ನು ನಾನು ಆಡಿದ್ದೆ, ಅವಳನ್ನು ಕೇಳದೆ. "ಅವಳಿಗೆ ತಿಳಿಸಬೇಕು ಮೇಡಂ. ನಾನೇ ಹೇಳಬೇಕು," ಎಂದೆ. ಸುಕನ್ಯಾ ಆಗೀಗ ಬೇರೆ ಬೇರೆ ನಂಬರಿನಿಂದ ಅವರಿಗೆ ಫೋನ್ ಮಾಡುತ್ತಿದ್ದಳಂತೆ. ಮುಂದಿನ ಸಲ ಮಾಡಿದಾಗ ನನಗೆ ಕೊಡುತ್ತೇನೆ ಎಂದರು.

ಗಣೇಶನನ್ನು ಬಿಟ್ಟು ಕೆಲವು ದಿನವಾಗಿತ್ತು. ಮಧ್ಯಾಹ್ನ ಕೊನೆಯ ಅಧ್ಯಾಯ ಬಿಡಿಸಿಕೊಂಡು ಕೂತಿದ್ದೆ. ವಸುಧಾ ಫೋನು ತಂದು ಮೇಜಿನ ಮೇಲಿಟ್ಟು, ಸ್ಪೀಕರ್ ಒತ್ತಿ, ಹೊರಗೆ ಹೋದರು.

"ಯಾರಕ್ಕಾ ನೀವು?" ಎಂದು ಫೋನು ಕೂಗಿತು.

ನಾನು ಬೆಚ್ಚಿದೆ. ಒರಟು, ಎತ್ತರದ, ಮಾಗಡಿ ಕಡೆಯ ಹಳ್ಳಿ ಮಾತು. ಹಿಂದೆ ಪಾತ್ರೆಯ ಸದ್ದು, ಯಾರೋ ಹೆಂಗಸರು ನಗುವ ಸದ್ದು. ಬೇರೆ ಯಾರಿಗೋ ತಗುಲಿದೆ ಅಂದುಕೊಂಡೆ.

"ಸುಕನ್ಯಾ ಬೇಕಿತ್ತು."

"ನಾನೇ ಕಣಕ್ಕ ಸುಕನ್ಯಾ. ವಸುಧಮ್ಮ ಎಲ್ಲಾ ಹೇಳುದ್ರು."

ಎರಡು ತಿಂಗಳು ನನ್ನ ಬಾಯೊಳಗೆ ಇಟ್ಟುಕೊಂಡಿದ್ದವಳ ದನಿ ನನಗೆ ಗುರುತೇ ಸಿಗಲಿಲ್ಲ. ಕಷ್ಟಪಟ್ಟು ಮೆಟ್ಟಿಲ ಮೇಲೆ ನಡೆದದ್ದನ್ನು ಹೇಳಿದೆ. ನಾನು ಮಾತಾಡುತ್ತಿದ್ದಷ್ಟು ಹೊತ್ತು ಆ ಕಡೆ ಸದ್ದಿರಲಿಲ್ಲ. ಪಾತ್ರೆಗಳಿಂದ ದೂರ ಸರಿದು ಎಲ್ಲೋ ಒಂಟಿಯಾಗಿ ನಿಂತು ಕೇಳಿದಳೆಂದು ಕಾಣುತ್ತದೆ.

"ಬರಲ್ಲ ಅಂದ್ರಲ್ಲ, ಬಾಳ ಒಳ್ಳೇದಾಯ್ತು," ಎಂದಳು. "ಅದು ನಂಗೆ ಅಲ್ಲಿದ್ದಾಗ ಒಂದಿನಾನೂ ಹೇಳಕ್ಕಾಗ್ಲಿಲ್ಲ." ಆಮೇಲೆ ಮಾತು ತಗ್ಗಿಸಿದಳು. "ಅಕ್ಕಾ, ನೀವು ಮಾತಾಡ್ತಿದ್ರೆ ನಂಗೆ ಭಯ ಆಯ್ತದೆ. ಆ ಮನೇಲೇ ಇದೀನೇನೋ ಅನ್ನುಸ್ತದೆ."

"ನಿಮ್ಮ ದನೀನೇ ಅಲ್ವಾ ಇದು?"

"ಅಯ್ಯೋ, ನಂದೆಲ್ಲಿ! ನಮ್ಮವ್ವ ನನ್ನ ಗಂಟಲು ಕೇಳಿ ಹೊಲದಾಚೆ ಇರೋ ದನ ತಿರುಗ್ತವೆ ಅನ್ನೋಳು. ಆ ಮನೇಗೆ ಹೋದ್ಮೇಲೆ ಅವ್ರು, ಹೆಂಗಸ್ರು ಮಾತು ಪಕ್ಕದ ರೂಮ್‌ಗೆ ಕೇಳುಸ್ಬಾರ್ದು ಅಂದ್ರು. ದಿನಾ ಅಂದ್ರು. ಬಯ್ಯದೇನೇ ಅಂದ್ರು. ಹಂಗೆ ಮಾತಾಡೀ ಮಾತಾಡೀ ಬಂದಿದ್ದು ಅದು. ಜನ ಚೆನ್ನಾಗೈತೆ ಅಂದ್ರು, ನಾನೂ ಸುಮ್ಕಿದ್ದೆ. ಇಲ್ಲಿಗೆ ಬಂದು ಒಂದು ವಾರಕ್ಕೆ ಹೊಂಟೋಯ್ತು. ನಾನು ಬುಟ್ಟು ಬಂದಿದ್ದನ್ನ ನೀವ್ಯಾಕಕ್ಕ ಎತ್ಕೊಂಡ್ರಿ? ಬುಟ್ಬುಡಿ ಅದ್ನ."

ಫೋನು ಇಟ್ಟೆ. ಸ್ಪಂಜಿನ ಗೋಡೆಗಳು ಹತ್ತಿರ ಹತ್ತಿರ ಬಂದ ಹಾಗಿತ್ತು. ಸೊಗಸು ಅಂದುಕೊಂಡು ನಾನು ಕಲಿತ ಆ ಉಸಿರು, ವಾಕ್ಯದ ಕೊನೆಗೆ ತಡೆದು ನಿಲ್ಲುವುದು, ಅವೆಲ್ಲ ಏನೆಂದು ಈಗ ಗೊತ್ತಾಗಿತ್ತು. ಅದು ಪಕ್ಕದ ಕೋಣೆಗೆ ಕಿವಿಗೊಟ್ಟ ಹೆಂಗಸಿನ ಉಸಿರು. ನಾನು ಕಲಿತದ್ದು ಅವಳ ಭಯವನ್ನು. ಅದನ್ನು ಕೇಳಿಯೇ ಸಾವಿರಾರು ಹೆಂಗಸರು ಸಮಾಧಾನ ಪಟ್ಟಿದ್ದರು, ನನ್ನ ಗಂಡ ಚೆನ್ನಾಗಿದೆ ಅಂದಿದ್ದರು.

ಕೊನೆಯ ಅಧ್ಯಾಯದಲ್ಲಿ ನರ್ಸಮ್ಮ ಕೋರ್ಟಿನ ಕಟಕಟೆಯಲ್ಲಿ ನಿಲ್ಲುತ್ತಾಳೆ. ಕೇಳಿಸುತ್ತಿಲ್ಲ, ಜೋರಾಗಿ ಹೇಳಿ ಎನ್ನುತ್ತಾರೆ ನ್ಯಾಯಾಧೀಶರು. ಅವಳು ಜೋರಾಗಿ ಹೇಳುತ್ತಾಳೆ: ಅಪ್ಪನ ಮಕ್ಕಳಲ್ಲಿ ನಾನೂ ಒಬ್ಬಳು, ನನಗೂ ಅಷ್ಟೇ ಪಾಲು. ಆ ಮಾತನ್ನು ಪಿಸುಗುಟ್ಟಿ ಓದಲು ಬರುವುದಿಲ್ಲ. ಓದಿ ನೋಡಿದೆ, ಮೆತ್ತಗೇ ಬಂತು. ಇನ್ನೊಮ್ಮೆ, ಮತ್ತೂ ಮೆತ್ತಗೆ. ಈ ದನಿ ಇನ್ನು ಹೋಗುವುದೇ ಇಲ್ಲವೇನೋ ಎಂದು ಅಂಜಿದೆ.

ರೇಷ್ಮಾ ಬಾಗಿಲು ತೆರೆದುಕೊಂಡು ಒಳಗೆ ಬಂದಳು. "ಮೇಡಂ, ಒಂದ್ ಕೆಲ್ಸ ಮಾಡಿ. ನಾನು ನಿಮ್ ಕ್ಲಾಸಲ್ಲಿ ಲಾಸ್ಟ್ ಬೆಂಚು. ಹೋಮ್‌ವರ್ಕ್ ಮಾಡಿಲ್ಲ. ಪಕ್ಕದವಳ ಜೊತೆ ಹರಟೆ ಹೊಡೀತಾ ಇದೀನಿ." ಗೋಡೆಯ ಮೂಲೆಗೆ ಹೋಗಿ ನನಗೆ ಬೆನ್ನು ಹಾಕಿ ನಿಂತಳು.

ಮೊದಲು ನಗು ಬಂತು. ಆಮೇಲೆ ಎದ್ದು ನಿಂತೆ. "ಏಯ್ ಹುಡುಗಿ!" ಅಂದೆ. ಎಲ್ಲಿಯೋ ಒಂದು ಕಡೆ ಬಿರಿದ ಹಾಗೆ ಬಂತು. "ಏಯ್! ಎದ್ದು ನಿಂತ್ಕೋ!" ಹೊರಗೆ ವಸುಧಾ ಮೇಡಂ ಕೈಯಿಂದ ಏನೋ ಕೆಳಗೆ ಬಿತ್ತು. ರೇಷ್ಮಾ ಕಿವಿ ಮುಚ್ಚಿಕೊಂಡು ಗಾಜಿನಾಚೆ ಓಡಿದಳು.

ಆ ಅಧ್ಯಾಯವನ್ನು ನಿಂತೇ ಓದಿದೆ. ಮಳೆ ಬಂತು, ನಿಲ್ಲಿಸಲಿಲ್ಲ. ಮುದ್ರಣದಲ್ಲಿ ಅಲ್ಲಲ್ಲಿ ತಗಡಿನ ಸದ್ದು ಕೇಳುತ್ತದೆ, ಅದರ ಮೇಲೆ ನನ್ನ ದನಿ. ಕೇಳುಗರಲ್ಲಿ ಬೇಜಾರಾದವರು ಬಹಳ ಮಂದಿ. ಇದು ಯಾರು, ಸುಕನ್ಯಕ್ಕನನ್ನೇ ಕರೆಸಿ ಎಂದು ಹೇಳಿ ಕಳಿಸಿದರು. ಗೌರಮ್ಮ ಮಾತ್ರ, "ಮಿಷಿನ್ ಸದ್ದಲ್ಲೂ ಚೆನ್ನಾಗಿ ಕೇಳುಸ್ತು," ಎಂದಿದ್ದರು.

ಪುಸ್ತಕ ಪೂರ್ತಿಯಾದಾಗ, ಪ್ರತಿ ಅಧ್ಯಾಯಕ್ಕೂ ಓದಿದವರ ಹೆಸರು ಹಾಕಬೇಕು ಎಂದರು ವಸುಧಾ. ಮೊದಲರ್ಧಕ್ಕೆ ಸುಕನ್ಯಾ ತನ್ನ ಹೆಸರಿರಲಿ ಎಂದಳು; ಹೆದರಿದ್ದರೂ ಓದಿದ್ದು ತಾನೇ ಎಂದಳಂತೆ. ಕೊನೆಯದಕ್ಕೆ ನನ್ನ ಹೆಸರು. ನಡುವಿನ ಅಧ್ಯಾಯಗಳು ಬಂದಾಗ, ಅವು ನನ್ನವಲ್ಲ ಎಂದಳು ಅವಳು. ನನ್ನವೂ ಅಲ್ಲ ಎಂದೆ ನಾನು. ವಸುಧಾ ನಮ್ಮಿಬ್ಬರನ್ನೂ ಒತ್ತಾಯ ಮಾಡಲಿಲ್ಲ. ಅಲ್ಲಿ ಓದಿದವರ ಹೆಸರಿನ ಜಾಗ ಇವತ್ತಿಗೂ ಖಾಲಿ ಇದೆ. ಒತ್ತಿದರೆ ಒಬ್ಬ ಹೆಂಗಸು ಓದಲು ಶುರುಮಾಡುತ್ತಾಳೆ, ಮೆಲ್ಲಗೆ, ವಾಕ್ಯದ ಕೊನೆಗೊಮ್ಮೆ ಉಸಿರು ತಡೆದು.